ಹಲ್ಲಿನ ಡಾಕ್ಟರು ಮಗುವಿದ್ದಲ್ಲಿಗೆ ಬರಲಿ



ಮಗುವಿಗೆ ಜ್ವರ ಬಂದರೆ ನಾವು ಎಸ್ಟೇಟ್ ಆಸ್ಪತ್ರೆಗೆ ಓಡುತ್ತೇವೆ. ಹಲ್ಲುನೋವು ಎಂದರೆ ಲವಂಗ ಇಟ್ಟು ಮಲಗಿಸುತ್ತೇವೆ. ಇದು ತಾಯಿ ತಂದೆಯರ ಅಲಕ್ಷ್ಯವೆಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಗೂಡಲೂರು, ಪಂದಲೂರು, ವಯನಾಡು, ಎಲ್ಲಿಯ ತೋಟವಾದರೂ ಹಲ್ಲಿನ ಡಾಕ್ಟರು ಇರುವುದು ಪೇಟೆಯಲ್ಲಿ. ಅಲ್ಲಿಗೆ ಹೋದರೆ ಒಂದು ದಿನದ ಹಾಜರಿ ಹೋಯಿತು, ಬಸ್ಸಿನ ಖರ್ಚು ಬೇರೆ. ಇನ್ನೊಮ್ಮೆ ಬನ್ನಿ ಎಂದರೆ ಮತ್ತೊಂದು ದಿನದ ಕೂಲಿಯೂ ಹೋಯಿತು.

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ" ಎಂಬ ಮಾತು ಲೈನು ಮನೆಗಳಲ್ಲಿ ಕೇಳಿಬರುತ್ತದೆ. ಇದನ್ನು ಮಾತ್ರ ಬಿಡಬೇಕು. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಮಗುವಿನ ಅನ್ನ ಅಗಿಯಬೇಕು. ಅಲ್ಲದೆ ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಅವುಗಳ ಹಿಂದೆ ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತದೆ. ಅದು ಜೀವಮಾನದ ಹಲ್ಲು. ಹಾಲುಹಲ್ಲೆಂದು ತಿಳಿದು ಅದನ್ನು ಹುಳುಕಲು ಬಿಟ್ಟರೆ ಅದರ ಜಾಗದಲ್ಲಿ ಇನ್ನೊಂದು ಬರುವುದಿಲ್ಲ.

ಇದು ತೋಟದ ಮಕ್ಕಳ ಕಷ್ಟ ಮಾತ್ರವಲ್ಲ. 2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಹಲ್ಲು ಕಂಡುಬಂದಿತ್ತು. 2013ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ನೋಡಬೇಕಾದ ರೋಗಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಆದರೆ ಆ ತಂಡಕ್ಕೆ ಹಲ್ಲಿನ ಡಾಕ್ಟರನ್ನು ಸೇರಿಸಿಲ್ಲ. ಹುಳುಕು ಕಂಡರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತಾರೆ. ಕೂಲಿ ಕಳೆದುಕೊಳ್ಳಲಾಗದ ಮನೆಯಲ್ಲಿ ಆ ಚೀಟಿ ಗೋಡೆಯ ಗೂಡಿನಲ್ಲೇ ಉಳಿಯುತ್ತದೆ.

ಹುಳುಕಿಗೆ ಯಂತ್ರದ ಕುರ್ಚಿ, ಕರೆಂಟು ಬೇಕೇಬೇಕು ಎಂದೇನೂ ಇಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಹಚ್ಚಿದರೆ, ಕೊರೆಯದೆ, ಸೂಜಿ ಚುಚ್ಚದೆ, ಅನೇಕ ಹಲ್ಲುಗಳಲ್ಲಿ ಹುಳುಕು ಮುಂದುವರಿಯುವುದು ನಿಲ್ಲುತ್ತದೆ. ಹಚ್ಚಿದ ಜಾಗ ಕಪ್ಪಾಗುತ್ತದೆ. ಇದನ್ನು ತಾಯಂದಿರಿಗೆ ಮೊದಲೇ ಹೇಳಬೇಕು. ಕೈ ಉಪಕರಣದಿಂದ ಹುಳುಕು ಕೆರೆದು ಗ್ಲಾಸ್ ಅಯಾನೊಮರ್ ಸಿಮೆಂಟು ತುಂಬುವ ಕ್ರಮವೂ ಇದೆ. ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಶಾಲೆಯ ಬೆಂಚಿನ ಮೇಲೇ ಈ ಕೆಲಸ ನಡೆಯಬಹುದು. ಕೆನ್ನೆ ಊದಿ ಕೀವಾದ ಮಗುವನ್ನು ಮಾತ್ರ ತಡಮಾಡದೆ ಪೇಟೆಗೆ ಒಯ್ಯಬೇಕು.

ಕಾರ್ಮಿಕನ ಕುಟುಂಬಕ್ಕೂ ವೈದ್ಯಕೀಯ ನೆರವು ಸಿಗಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಹೊಸ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿಯೂ ಕುಟುಂಬದ ಆರೋಗ್ಯ ಸೌಲಭ್ಯ, ಇಲ್ಲವೆ ಇ.ಎಸ್.ಐ. ರಕ್ಷಣೆಯ ಮಾತಿದೆ. ಆರೋಗ್ಯವೆಂದರೆ ಹಲ್ಲೂ ಸೇರಿತು ಎಂದು ನಾವೇ ಕೇಳಿ ಬರೆಯಿಸಿಕೊಳ್ಳಬೇಕು.

ಆದುದರಿಂದ ಸಂಘದ ಬೇಡಿಕೆ ಪಟ್ಟಿಯಲ್ಲಿ ಮೂರು ಮಾತು ಸೇರಲಿ. ವರ್ಷಕ್ಕೆ ಎರಡು ಸಲ ಹಲ್ಲಿನ ಡಾಕ್ಟರು ಶಾಲೆಗೂ ಶಿಶುವಿಹಾರಕ್ಕೂ ಬರಲಿ. ನೋಡಿ ಹೋಗುವುದಕ್ಕಲ್ಲ, ಅಲ್ಲೇ ಚಿಕಿತ್ಸೆ ಮಾಡುವುದಕ್ಕೆ. ಪೇಟೆಗೆ ಒಯ್ಯಲೇಬೇಕಾದ ಮಗುವಿನ ತಾಯಿಗೋ ತಂದೆಗೋ ಆ ದಿನದ ಹಾಜರಿ ಸಿಗಲಿ. ಶಾಲೆಯಲ್ಲಿ ದಿನವೂ ಊಟದ ನಂತರ ಮಕ್ಕಳೆಲ್ಲ ಸಾಲಾಗಿ ನಿಂತು ಹಲ್ಲುಜ್ಜಲಿ. ನೀರು, ಬ್ರಷ್ಷು, ಪೇಸ್ಟು ಒದಗಲಿ.

ನಮ್ಮ ಪಾಲಿನ ಕೆಲಸವೂ ಉಂಟು. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಿಂದ ಮಗುವಿನ ಹಲ್ಲುಜ್ಜಿಸಬೇಕು. ಮೂರು ವರ್ಷದ ಒಳಗಿನವರಿಗೆ ಅಕ್ಕಿಕಾಳಿನಷ್ಟು, ದೊಡ್ಡವರಿಗೆ ಬಟಾಣಿಯಷ್ಟು ಪೇಸ್ಟು ಸಾಕು. ಏಳು ವರ್ಷದವರೆಗೆ ದೊಡ್ಡವರ ಕೈ ಜೊತೆಗಿರಬೇಕು. ಹಲ್ಲುಜ್ಜಿದ ಮೇಲೆ ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು ಬೇಡ.

ಮುಂದಿನ ಕಮಿಟಿ ಸಭೆಗೆ ತಾಯಂದಿರೂ ಬನ್ನಿರಿ. ಕೂಲಿ, ಬೋನಸ್ಸಿನ ಜೊತೆಗೆ ಮಕ್ಕಳ ಹಲ್ಲಿನ ವಿಷಯವನ್ನೂ ಬರೆಯಿಸಿರಿ.