ರಕ್ತದ ವರದಿ ವರದಕ್ಷಿಣೆಯ ಬಿಲ್ಲಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಎರಡು ವರ್ಷದೊಳಗೆ ತೊಟ್ಟಿಲು ಕಟ್ಟದಿದ್ದರೆ ಸೊಸೆಯನ್ನು ಮಿರಜಕ್ಕೋ ಕೊಲ್ಹಾಪುರಕ್ಕೋ ಬೆಳಗಾವಿಗೋ ಕರೆದೊಯ್ಯುತ್ತಾರೆ. ಪರೀಕ್ಷೆಯಾಗುವುದು ಅವಳೊಬ್ಬಳದೇ. ವರದಿಯಲ್ಲಿ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್ ಎಂದು ಬಂದರೆ ಮುಗಿಯಿತು: “ನಿನ್ನ ಹೊಟ್ಟ್ಯಾಗ ಗುಳ್ಳಿ ಅದಾವಂತ. ನಿಮ್ಮಪ್ಪ ಮುಚ್ಚಿಟ್ಟ ಕೊಟ್ಟಾನ, ಖರ್ಚ ಅಂವನ ಕೊಡ್ಲಿ.” ಹಿಂದೆ ‘ಬಂಜೆ’ ಎಂಬ ಬೈಗುಳವೊಂದೇ ಇತ್ತು. ಈಗ ಅದಕ್ಕೆ ಲ್ಯಾಬಿನ ಮೊಹರೂ ಸಿಕ್ಕಿದೆ. ಕಾಯಿಲೆಯ ಕಾಗದವನ್ನು ಹೆಣ್ಣಿನ ಮೇಲಿನ ಆರೋಪಪಟ್ಟಿ ಮಾಡುವ ಈ ಕ್ರಮವನ್ನು ನಾನು ದೌರ್ಜನ್ಯವೆಂದೇ ಕರೆಯುತ್ತೇನೆ.

ಆ ಕಾಗದ ನಿಜವಾಗಿ ಏನು ಹೇಳುತ್ತದೆ? ಪುರುಷ ಹಾರ್ಮೋನು ಎನ್ನಲಾಗುವ ಟೆಸ್ಟೋಸ್ಟೆರಾನ್ ಎಲ್ಲ ಹೆಣ್ಣುಮಕ್ಕಳ ದೇಹದಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಪಿಸಿಓಎಸ್ ಇದ್ದವರಲ್ಲಿ ಸಾಮಾನ್ಯವಾಗಿ ಅದು ಸ್ವಲ್ಪ ಏರುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಹಾರ್ಮೋನು ಹಲವರಲ್ಲಿ ಹೆಚ್ಚಾಗಿ ಅಂಡಾಶಯವನ್ನು ಕೆಣಕುತ್ತದೆ. ರಕ್ತದಲ್ಲಿ ಹೆಚ್ಚಿದ ಇನ್ಸುಲಿನ್ ಅದಕ್ಕೆ ಜೊತೆಗೂಡುತ್ತದೆ. ಆಗ ಅಂಡಾಣುವಿನ ಚೀಲಗಳು ಅರ್ಧಕ್ಕೇ ಬೆಳೆದು ನಿಲ್ಲುತ್ತವೆ. ಸ್ಕ್ಯಾನಿನಲ್ಲಿ ಕಾಣುವ ‘ಗುಳ್ಳೆ’ಗಳು ಇವೇ, ಗಡ್ಡೆಗಳಲ್ಲ. ಮುಟ್ಟು ತಪ್ಪುತ್ತದೆ, ಗದ್ದದ ಮೇಲೆ ಕೂದಲು ಮೂಡುತ್ತದೆ. ಹೀಗೆ ಏರಿದ ಮಟ್ಟವೂ ಗಂಡಸಿನ ಮಟ್ಟಕ್ಕಿಂತ ಎಷ್ಟೋ ಕೆಳಗೇ ಇರುತ್ತದೆ. ‘ಗಂಡುಬೀರಿ’ ಎಂದು ಹಂಗಿಸುವವರಿಗೆ ಇದು ತಿಳಿದಿರಲಿ.

ಒಂದೇ ಅಂಕಿಯಿಂದ ರೋಗ ತೀರ್ಮಾನವಾಗುವುದೂ ಇಲ್ಲ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಹಾರ್ಮೋನಿನ ಅಂಕಿಯೇ ಬದಲಾಗುತ್ತದೆ. ಥೈರಾಯ್ಡ್ ತೊಂದರೆ ಇಲ್ಲವೆಂದು ವೈದ್ಯರು ಮೊದಲು ಖಚಿತ ಮಾಡಿಕೊಳ್ಳಬೇಕು.

ಸುಮಾರು ಹತ್ತರಲ್ಲಿ ಒಬ್ಬ ಹೆಣ್ಣುಮಗಳಿಗೆ ಪಿಸಿಓಎಸ್ ಇರುತ್ತದೆ. ಅದು ಬಂಜೆತನವಲ್ಲ. ಹಲವರಿಗೆ ತಾನಾಗಿಯೇ, ಹಲವರಿಗೆ ಲೆಟ್ರೊಜೋಲ್‌ನಂಥ ಮಾತ್ರೆಯಿಂದ ಗರ್ಭ ನಿಲ್ಲುತ್ತದೆ. ಆದರೆ ಸಕ್ಕರೆ ಕಾಯಿಲೆಯ ಅಪಾಯ ಮಗುವಾದ ಮೇಲೂ ಉಳಿಯುತ್ತದೆ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿನ ಭಯವೂ ಇದೆ. ಸಂಬಂಧ ತಪ್ಪೀತೆಂದು ತವರಿನವರು ಮಗಳ ಮುಟ್ಟಿನ ತೊಂದರೆ ಮುಚ್ಚಿಡುತ್ತಾರೆ. ಗಂಡನ ಮನೆಯವರು ಕೂಸಿಗಾಗಿ ಮಾತ್ರ ಔಷಧ ಕೊಡಿಸುತ್ತಾರೆ. ಎರಡೂ ಕಡೆ ಅವಳ ಆರೋಗ್ಯ ಲೆಕ್ಕಕ್ಕಿಲ್ಲ.

ಇನ್ನು ಗಂಡನ ಮಾತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಸ್ಕ್ಯಾನೂ ಬೇಡ. ಆದರೂ ಅವನ ಗಂಡಸುತನಕ್ಕೆ ಕುಂದೆಂದು ಆ ಮಾತನ್ನೇ ಎತ್ತುವುದಿಲ್ಲ. ಅವಳ ದೇಹವನ್ನಾದರೋ ಊರೆಲ್ಲ ಚರ್ಚಿಸುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005ರ 3ನೇ ಕಲಮು ಮಗುವಿಲ್ಲ, ಗಂಡುಮಗುವಿಲ್ಲ ಎಂದು ಹೀಯಾಳಿಸುವುದನ್ನು ಹಿಂಸೆಯೆಂದೇ ಸ್ಪಷ್ಟವಾಗಿ ಹೆಸರಿಸಿದೆ. 17ನೇ ಕಲಮು ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ನಮಗೆಲ್ಲ ಪರಿಚಿತವಾದ 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ವರದಕ್ಷಿಣೆ ನಿಷೇಧ ಕಾಯ್ದೆ, 1961 ಮದುವೆಯ ನಂತರದ ಬೇಡಿಕೆಯನ್ನೂ ಒಳಗೊಳ್ಳುತ್ತದೆ. ಮನೆ ಕಟ್ಟಲು ಸೊಸೆಯ ತವರಿನಿಂದ ಕೇಳಿದ ಹಣವೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹಾಗಿದ್ದ ಮೇಲೆ ‘ರೋಗದ ಹೆಣ್ಣು ಕೊಟ್ಟಿರಿ’ ಎಂದು ಹಿಂಸಿಸಿ ಕೀಳುವ ದುಡ್ಡು ಬೇರೆ ಹೇಗಾದೀತು? ವರೋಪಚಾರಕ್ಕೆ ಹೆಸರು ಬದಲಾಗಿದೆ, ಅಷ್ಟೆ.

ಆದ್ದರಿಂದ ನಮ್ಮ ಸಂಘಗಳ ಸಭೆಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಬರಲಿ. ಪರೀಕ್ಷೆ ಇಬ್ಬರಿಗೂ ಆಗಬೇಕು. ಅವಳ ವರದಿ ಅವಳ ಕೈಯಲ್ಲಿರಬೇಕು. ಹಿಂಸೆ ಶುರುವಾದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಬೇಕು, ಇಲ್ಲವೇ 181ಕ್ಕೆ ಕರೆ ಮಾಡಬೇಕು. ತಾಯಂದಿರೇ, ಮಗಳ ಮುಟ್ಟು ಮೂರು ತಿಂಗಳು ತಪ್ಪಿದರೆ ವೈದ್ಯರ ಬಳಿ ಕರೆದೊಯ್ಯಿರಿ. ಅದು ಮದುವೆಗಾಗಿ ಅಲ್ಲ, ಅವಳಿಗಾಗಿ.