ಟೇಪಿನೊಳಗಣ ನೆನಪು

ಕಳೆದ ತಿಂಗಳು ಅಟ್ಟದ ಮೇಲಣ ಪೆಟ್ಟಿಗೆಯನ್ನು ಬರಿದುಮಾಡುವಾಗ ಹಳೆಯ ಕ್ಯಾಸೆಟ್ಟೊಂದು ದೊರೆಯಿತು. 1986ರಲ್ಲಿ ನಮ್ಮ ತಾಯಿಯವರು ಹಾಡಿದ ಹಸೆಯ ಹಾಡುಗಳು ಅದರಲ್ಲಿದ್ದುವು. ಅವರು ತೀರಿಕೊಂಡು ಬಹುಕಾಲವಾಯಿತು. ನೆರೆಮನೆಯವರ ಟೇಪ್ ರೆಕಾರ್ಡರನ್ನು ತರಿಸಿ ಎಲ್ಲರೂ ಕೇಳಲು ಕುಳಿತೆವು. ತಾಯಿಯವರು ಹಾಡಲು ತೊಡಗುವುದಕ್ಕೆ ಎರಡು ಕ್ಷಣ ಮುಂಚೆಯೇ ಅದೇ ಹಾಡಿನ ಮೊದಲ ಸೊಲ್ಲು, ಬಹುದೂರದಿಂದೆಂಬಂತೆ, ಮೆಲ್ಲನೆ ಕೇಳಿಸಿತು. “ತಾತಾ, ಮುತ್ತಜ್ಜಿಗಿಂತ ಮೊದಲೇ ಹಾಡುತ್ತಿರುವವರು ಯಾರು?” ಎಂದಳು ಮೊಮ್ಮಗಳು. ಅವಳಿಗೆ ಹೇಳಿದುದನ್ನೇ ವಾಚಕರ ಮುಂದಿಡುತ್ತೇನೆ.

ಟೇಪೆಂಬುದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ಆಕ್ಸೈಡಿನ ಲೇಪವಿರುವುದು. ತುಕ್ಕಿನ ದಾಯಾದಿಯೆನ್ನಬಹುದಾದ ಕಂದುಬಣ್ಣದ ಪುಡಿಯದು. ಅದರ ಕಣಗಳು ಸೂಜಿಯಾಕಾರದವು. ಒಂದೊಂದರ ಉದ್ದವೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಮೆ. ನೆನಪೆಲ್ಲವೂ ಅಡಗಿರುವುದು ಈ ಕಿರಿತನದಲ್ಲಿಯೇ.

ಕಬ್ಬಿಣದ ತುಂಡು ಒಳಗೊಳಗೇ ಅನೇಕ ಪ್ರಾಂತಗಳಾಗಿ ವಿಂಗಡವಾಗಿದೆಯೆಂದು ಫ್ರಾನ್ಸಿನ ಪಿಯೆರ್ ವೈಸ್ ಎಂಬ ವಿದ್ವಾಂಸನು 1907ರಲ್ಲಿ ಪ್ರತಿಪಾದಿಸಿದನು. ಪ್ರತಿಯೊಂದು ಪ್ರಾಂತವೂ ತನ್ನಮಟ್ಟಿಗೆ ಅಯಸ್ಕಾಂತವೇ. ಆದರೆ ಒಂದೊಂದರ ಮುಖ ಒಂದೊಂದು ದಿಕ್ಕಿಗಿರುವುದರಿಂದ ಹೊರಗೆ ಬಲವು ತೋರದು. ಸಾಮಾನ್ಯ ಮೊಳೆಯ ಬಳಿಗೆ ಸೂಜಿಗಲ್ಲನ್ನು ಹಿಡಿದರೆ ಪ್ರಾಂತಗಳ ಗಡಿಗಳು ಸರಿಯುವುವು, ಮೊಳೆ ಅಯಸ್ಕಾಂತವಾಗುವುದು. ಕಲ್ಲನ್ನು ತೆಗೆದೊಡನೆ ಗಡಿಗಳು ಬಹುಮಟ್ಟಿಗೆ ಹಿಂದಿರುಗುವುವು. ಮೊಳೆಯದು ಮರೆಗುಳಿ ಸ್ವಭಾವ.

ಟೇಪಿನ ಸೂಜಿಕಣದಲ್ಲಿಯಾದರೋ ಗಡಿ ಮೂಡುವುದಕ್ಕೆ ಎಡೆಯೇ ಇಲ್ಲ. ಇಡೀ ಕಣವೇ ಒಂದು ಪ್ರಾಂತ. ಅದು ಉದ್ದಕ್ಕೆ ಈ ತುದಿಗೆ ಮುಖಮಾಡಬೇಕು, ಇಲ್ಲವೆ ಆ ತುದಿಗೆ. ಮುಖವನ್ನು ತಿರುಗಿಸಬೇಕಾದರೆ ಬಲವಾದ ಪ್ರೇರಣೆಯೇ ಬೇಕು. ಒಮ್ಮೆ ತಿರುಗಿದ ಮೇಲೆ ಅದು ಸುಲಭವಾಗಿ ಕದಲದು. ದನಿಯ ಏರಿಳಿತಕ್ಕೆ ತಕ್ಕಂತೆ ಯಂತ್ರವು ಹೀಗೆ ತಿರುಗಿಸಿಟ್ಟ ಕಣಗಳ ಸಾಲೇ ನಾವು ಕೇಳುವ ಹಾಡು.

ಇನ್ನು ಆ ಮುಂಗೂಗಿನ ಮಾತು. ಕಣಗಳೆಲ್ಲ ಸಮಾನವಲ್ಲ, ಅತಿ ಸಣ್ಣವು ಚಂಚಲ. ಸುತ್ತಿಟ್ಟ ಟೇಪಿನಲ್ಲಿ ಸುತ್ತಿಗೆ ಸುತ್ತು ಅಂಟಿಕೊಂಡಿರುವುದಷ್ಟೆ. ಹಾಡಿರುವ ಸುತ್ತಿನ ಕಾಂತಬಲವು ವರ್ಷಗಟ್ಟಲೆ ಪಕ್ಕದ ಸುತ್ತನ್ನು ಸೋಕುತ್ತಿರಲು, ಅಟ್ಟದ ಸೆಕೆಯೂ ಸೇರಿ, ಅಲ್ಲಿನ ಚಂಚಲ ಕಣಗಳು ಅದರತ್ತ ತಿರುಗುವುವು. ಹೀಗೆ ಹಾಡಿಗೆ ಮುಂಚಿನ ಮೌನದ ಸುತ್ತಿನಲ್ಲಿ ಹಾಡಿನ ನೆರಳು ಬಿದ್ದಿತು. ಮುತ್ತಜ್ಜಿಗಿಂತ ಮೊದಲು ಹಾಡಿದವಳೂ ಮುತ್ತಜ್ಜಿಯೇ.

ಇಂತಹ ಕ್ಯಾಸೆಟ್ಟುಗಳು ಮನೆಯಲ್ಲಿರುವವರಿಗೆ ಒಂದು ವಿಜ್ಞಾಪನೆ. ಅವುಗಳನ್ನು ಸೆಕೆ, ತೇವ ಮತ್ತು ಧ್ವನಿವರ್ಧಕದ ಅಯಸ್ಕಾಂತಗಳಿಂದ ದೂರವಿಡಿರಿ. ಕೇಳುವ ಮೊದಲು ಎರಡು ಮೂರು ಬಾರಿ ಪೂರ್ತಿಯಾಗಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿದರೆ ಆ ನೆರಳು ತಗ್ಗುವುದು. ಕಣಗಳು ಮರೆಯದಿದ್ದರೂ ಅವುಗಳನ್ನು ಹಿಡಿದಿರುವ ಅಂಟು ತೇವದಿಂದ ಕೆಡುವುದುಂಟು. ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಆದುದರಿಂದ ತಡಮಾಡದೆ ಕಂಪ್ಯೂಟರಿಗೆ ಪ್ರತಿಮಾಡಿಸಿರಿ.

ಸ್ಮೃತಿಗೆ ಸಂಸ್ಕಾರವೇ ಕಾರಣವೆನ್ನುವರು ನಮ್ಮ ತಾರ್ಕಿಕರು. ಜಡವಾದ ತುಕ್ಕಿನ ಪುಡಿಗೂ ಅದು ಒಪ್ಪುವುದೆಂದು ಪಾಠ ಹೇಳುತ್ತಿದ್ದ ದಿನಗಳಲ್ಲಿ ನನಗೆ ಹೊಳೆದಿರಲಿಲ್ಲ. ನಾವೂ ಪ್ರತಿಮಾಡಿಸಿದೆವು. ಮೊಮ್ಮಗಳ ಹಟದಿಂದ ಮೊದಲಿನ ಆ ಮೆಲುದನಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು.