ಎರಡು ವಿಧಾನಗಳ ಪೈಪೋಟಿ

ಎರಡು ಅಂಗಡಿಗಳು ಎದುರುಬದುರಾದರೆ ಗಿರಾಕಿಗೆ ಲಾಭವೆಂಬ ಮಾತು ಸುಳ್ಳಲ್ಲ. ಆದರೆ ಒಂದು ಅಂಗಡಿಯಲ್ಲಿ ಕೊಂಡ ಲಾಟೀನು ಆ ಅಂಗಡಿಯ ಎಣ್ಣೆಗಲ್ಲದೆ ಉರಿಯದೆಂದಾದರೆ? ನಮ್ಮ ದೇಶದ ಮೊಬೈಲ್ ದೂರವಾಣಿಯ ಚರಿತ್ರೆಯನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ಅಂದು ಬಳಕೆಗೆ ಬಂದುದು ಯುರೋಪಿನಲ್ಲಿ ರೂಪುಗೊಂಡ ಜಿ.ಎಸ್.ಎಂ. ವಿಧಾನ. ಆ ದಿನಗಳಲ್ಲಿ ಕರೆ ಮಾಡಿದವನಷ್ಟೇ ಅಲ್ಲ, ಕರೆ ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತು. ಮೊಬೈಲು ಸಿರಿವಂತರ ಕೈಯ ಆಭರಣವಾಗಿಯೇ ಉಳಿಯಿತು.

2001ರಲ್ಲಿ ಸರ್ಕಾರವು ಸ್ಥಿರ ದೂರವಾಣಿಯ ಕಂಪನಿಗಳಿಗೂ ಸೀಮಿತ ಪ್ರದೇಶದೊಳಗೆ ಸಂಚಾರಿ ಸೇವೆ ನೀಡಲು ಅನುಮತಿಯಿತ್ತಿತು. ಅವು ಹೆಚ್ಚಾಗಿ ಆರಿಸಿಕೊಂಡುದು ಸಿ.ಡಿ.ಎಂ.ಎ. ವಿಧಾನವನ್ನು, ಅದನ್ನು ಬೆಳೆಸಿದುದು ಅಮೆರಿಕದ ಕ್ವಾಲ್‌ಕಾಂ ಕಂಪನಿ. ಇವೆರಡಕ್ಕೂ ಇರುವ ಭೇದವೇನು? ತರಗತಿಯಲ್ಲಿ ಮಕ್ಕಳು ಸರದಿಯಂತೆ ಎದ್ದು ಓದುವುದು ಜಿ.ಎಸ್.ಎಂ.ನ ಕ್ರಮ, ಕಾಲವನ್ನು ಸೂಕ್ಷ್ಮವಾಗಿ ಸೀಳಿ ಒಂದೇ ತರಂಗವನ್ನು ಎಂಟು ಮಂದಿಗೆ ಹಂಚುತ್ತದೆ. ಸಿ.ಡಿ.ಎಂ.ಎ.ಯಲ್ಲಿ ಎಲ್ಲರೂ ಒಮ್ಮೆಗೇ ಮಾತನಾಡುತ್ತಾರೆ, ಆದರೆ ಒಂದೊಂದು ಕರೆಗೂ ಬೇರೆಯದೇ ಸಂಕೇತ. ಸಂತೆಯ ಗದ್ದಲದಲ್ಲಿಯೂ ತಾಯಿ ತನ್ನ ಮಗುವಿನ ದನಿಯನ್ನು ಗುರುತಿಸುವಂತೆ, ಯಂತ್ರವು ತನ್ನ ಸಂಕೇತದ ಮಾತನ್ನು ಆಯ್ದುಕೊಳ್ಳುತ್ತದೆ.

ಹೆಚ್ಚು ಶುಲ್ಕ ತೆತ್ತು ಬಂದಿದ್ದ ಜಿ.ಎಸ್.ಎಂ. ಕಂಪನಿಗಳು ಇದನ್ನು ಹಿಂಬಾಗಿಲ ಪ್ರವೇಶವೆಂದು ಕರೆದವು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2003ರ ನವೆಂಬರಿನಲ್ಲಿ ಸ್ಥಿರ ಹಾಗೂ ಸಂಚಾರಿ ಸೇವೆಗಳೆರಡಕ್ಕೂ ಏಕೀಕೃತ ಪರವಾನಗಿ ಜಾರಿಗೆ ಬರುವುದರೊಂದಿಗೆ ತಣ್ಣಗಾಯಿತು. ಅದೇ ವರ್ಷ ಒಳಬರುವ ಕರೆಗಳು ಉಚಿತವಾದವು. ರಿಲಯನ್ಸ್ ಕಂಪನಿಯು ಆರಂಭದಲ್ಲಿ 501 ರೂಪಾಯಿ ಮಾತ್ರ ಪಡೆದು ಮೊಬೈಲ್ ಸೆಟ್ಟನ್ನು ಕೈಗಿತ್ತಿತು. ಗಾರೆ ಕೆಲಸದವನ, ಹೂ ಮಾರುವವಳ ಕೈಗೂ ದೂರವಾಣಿ ಬಂದುದು ಈ ಪೈಪೋಟಿಯಿಂದಲೇ. ಇದನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ.

ಆದರೆ ಅಗ್ಗದ ಸೆಟ್ಟಿನೊಳಗೊಂದು ಕಟ್ಟು ಇತ್ತು. ಜಿ.ಎಸ್.ಎಂ. ಸೆಟ್ಟಿನಲ್ಲಿ ಚಂದಾದಾರನ ಗುರುತು ಉಗುರಿನಷ್ಟಗಲದ ಸಿಮ್ ಕಾರ್ಡಿನಲ್ಲಿರುತ್ತದೆ. ಕಾರ್ಡನ್ನು ಬದಲಿಸಿದರೆ ಸಾಮಾನ್ಯವಾಗಿ ಅದೇ ಸೆಟ್ಟಿನಿಂದ ಬೇರೆ ಕಂಪನಿಯ ಸೇವೆ ಪಡೆಯಬಹುದು. ನಮ್ಮಲ್ಲಿ ಮೊದಮೊದಲು ಮಾರಾಟವಾದ ಸಿ.ಡಿ.ಎಂ.ಎ. ಸೆಟ್ಟುಗಳಲ್ಲಿ ಆ ಗುರುತನ್ನು ಸೆಟ್ಟಿನೊಳಗೇ ಬರೆದಿಡಲಾಗುತ್ತಿತ್ತು. ಕಂಪನಿಯನ್ನು ಬಿಡುವುದೆಂದರೆ ಸೆಟ್ಟನ್ನೇ ಬಿಡುವುದು. ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ಗಿರಾಕಿಗೆ ಪೈಪೋಟಿಯ ಫಲ ದಕ್ಕುವುದು ಒಮ್ಮೆ ಮಾತ್ರ, ಕೊಳ್ಳುವ ದಿನ. ಹೊಸ ವಿಧಾನಗಳಿಗೆ ಪರವಾನಗಿ ನೀಡುವಾಗ ಸರ್ಕಾರವು ಮೊದಲು ಕೇಳಬೇಕಾದುದು ದರವನ್ನಲ್ಲ, ಈ ಸ್ವಾತಂತ್ರ್ಯವನ್ನು ಎಂಬುದು ನನ್ನ ಅಭಿಪ್ರಾಯ.

ಸಿ.ಡಿ.ಎಂ.ಎ. ಸೋತುದು ತಂತ್ರದ ದೋಷದಿಂದಲ್ಲ. ಜಿ.ಎಸ್.ಎಂ. ಪರಂಪರೆಯವರೇ ತಮ್ಮ ಮೂರನೆಯ ಪೀಳಿಗೆಗೆ ಆ ಸಂಕೇತ ತತ್ತ್ವವನ್ನು ಅಳವಡಿಸಿಕೊಂಡರು! ಆದರೂ 2010ರ ದಶಕ ಮುಗಿಯುವ ವೇಳೆಗೆ ಭಾರತದ ಕಂಪನಿಗಳು ಆ ಜಾಲಗಳನ್ನು ಮುಚ್ಚಿದವು. 2011ರ ಜನವರಿಯಿಂದ ದೇಶದಾದ್ಯಂತ ನಮ್ಮ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯುವ ಹಕ್ಕು ದೊರೆತಿದ್ದಿತು. ಸಂಖ್ಯೆ ಹೋಯಿತು, ಸೆಟ್ಟು ಹೋಗಲಿಲ್ಲ. ಅಂಥದೊಂದು ನನ್ನ ಮೇಜಿನ ಖಾನೆಯಲ್ಲಿದೆ. ವಿದ್ಯುತ್ತು ತುಂಬಿದರೆ ಇಂದಿಗೂ ಬೆಳಗುತ್ತದೆ. ಮೊಮ್ಮಕ್ಕಳು ಅದರಲ್ಲಿ ಆಟವಾಡುತ್ತಾರೆ.